ಸರ್ಕಾರಿ ದಾಖಲೆಗಳನ್ನು ಆಧರಿಸಿ ಅಧ್ಯಯನ ಕೈಗೊಳ್ಳುವ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಮಾಹಿತಿ

ಸ್ನಾತಕೋತ್ತರ ವ್ಯಾಸಂಗದ ಅಂತಿಮ ಸೆಮಿಸ್ಟರ್‌ನಲ್ಲಿ ಕಿರುಪ್ರಬಂಧ ಸಿದ್ಧಪಡಿಸುವ ಹಾಗೂ ಪಿಎಚ್.ಡಿ. ಪದವಿಗೆ ನೋಂದಾಯಿಸಿಕೊಂಡಿರುವ ವಿದ್ಯಾರ್ಥಿಗಳು ಅಂಕಿಅಂಶ, ಕಡತ ಮತ್ತು ಹಳೆಯ ದಾಖಲೆಗಳನ್ನು ಕೋರಿ ಸರ್ಕಾರಿ ಕಚೇರಿಗಳಿಗೆ ಅರ್ಜಿ ಸಲ್ಲಿಸುವುದು ಸಾಮಾನ್ಯವಾಗಿದೆ. ಇಂತಹ ಅರ್ಜಿಗಳಲ್ಲಿ ಹಲವಕ್ಕೆ ಉತ್ತರ ದೊರೆತರೂ ಅದು ಅಧ್ಯಯನಕ್ಕೆ ಉಪಯುಕ್ತವಾಗುವುದಿಲ್ಲ. ಕಚೇರಿಗಳಲ್ಲಿನ ವಿಳಂಬವೂ ಇದಕ್ಕೆ ಒಂದು ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಶಾಖೆಯಲ್ಲಿ ಅರ್ಜಿಗಳನ್ನು ಪರಿಶೀಲಿಸುವವರ ಅನುಭವದಲ್ಲಿ, ತೊಂದರೆಯು ಅರ್ಜಿ ಬರೆಯುವುದಕ್ಕೂ ಮೊದಲೇ, ಅಂದರೆ ತಮಗೆ ಏನು ತಿಳಿಯಬೇಕಾಗಿದೆ ಎಂಬುದನ್ನು ನಿರ್ಧರಿಸಿಕೊಳ್ಳುವ ಹಂತದಲ್ಲಿಯೇ ಆರಂಭವಾಗಿರುತ್ತದೆ. ಈ ಲೇಖನದಲ್ಲಿ ಆ ಹಂತದಿಂದ ಮೊದಲ್ಗೊಂಡು ದಾಖಲೆ ಪರಿಶೀಲನೆಯವರೆಗಿನ ಕ್ರಮವನ್ನು ಒಂದು ಉದಾಹರಣೆಯೊಡನೆ ವಿವರಿಸಲಾಗಿದೆ.

ಒಂದು ಅರ್ಜಿಯ ವೃತ್ತಾಂತ

ಕೆಲವು ವರ್ಷಗಳ ಹಿಂದೆ ನಾನು ಕಾರ್ಯನಿರ್ವಹಿಸುತ್ತಿದ್ದ ಕಚೇರಿಗೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರಿಂದ ಅರ್ಜಿ ಬಂದಿತ್ತು. ಕೋಲಾರ ಜಿಲ್ಲೆಯ ಎಲ್ಲ ಕೆರೆಗಳ ಬಗ್ಗೆ ಸ್ವಾತಂತ್ರ್ಯಾನಂತರದಿಂದ ಇಲ್ಲಿಯವರೆಗಿನ ಸಂಪೂರ್ಣ ಮಾಹಿತಿಯನ್ನು ದೃಢೀಕೃತ ನಕಲುಗಳೊಂದಿಗೆ ಒದಗಿಸಬೇಕೆಂದು ಅದರಲ್ಲಿ ಕೋರಲಾಗಿತ್ತು. ಕೋರಿರುವ ಮಾಹಿತಿಯು ಕ್ರೋಡೀಕೃತ ರೂಪದಲ್ಲಿ ಲಭ್ಯವಿರುವುದಿಲ್ಲ ಎಂದು ನಿಗದಿತ ಅವಧಿಯೊಳಗೆ ಹಿಂಬರಹ ನೀಡಲಾಯಿತು. ಆ ಹಿಂಬರಹದ ಕರಡನ್ನು ಸಿದ್ಧಪಡಿಸಿದವನು ನಾನೇ. ನಿಯಮದ ದೃಷ್ಟಿಯಿಂದ ಅದರಲ್ಲಿ ಲೋಪವಿರಲಿಲ್ಲ. ಆದರೆ ಆ ವಿದ್ಯಾರ್ಥಿನಿ ಹಿಂಬರಹವನ್ನು ಹಿಡಿದು ಕಚೇರಿಗೆ ಬಂದಾಗ, ಪ್ರಬಂಧ ಸಲ್ಲಿಸಲು ಅವರಿಗೆ ಉಳಿದಿದ್ದುದು ಕೇವಲ ಆರು ವಾರ.

ನಿಜವಾಗಿ ತಿಳಿಯಬೇಕಾಗಿರುವುದು ಏನು ಎಂದು ವಿಚಾರಿಸಿದಾಗ ಅವರು ನೀಡಿದ ಉತ್ತರ ಅರ್ಜಿಯಲ್ಲಿ ಎಲ್ಲಿಯೂ ಇರಲಿಲ್ಲ. "ನಮ್ಮ ತಾತ ನೀರಗಂಟಿ ಆಗಿದ್ದರು ಸರ್. ಈಗ ಕೆರೆ ತುಂಬಿದರೂ ತೂಬು ಎತ್ತುವುದಿಲ್ಲ. ಅದು ಯಾಕೆ, ಅದರಿಂದ ಕೆರೆ ಕೆಳಗಿನ ಜಮೀನಿಗೆ ಏನಾಯಿತು ಅಂತ ತಿಳಿಯಬೇಕು" ಎಂದರು.

ಈ ಎರಡು ಮಾತುಗಳಲ್ಲಿ ಒಂದು ಉತ್ತಮ ಸಂಶೋಧನಾ ಪ್ರಶ್ನೆ ಅಡಗಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕಾರ್ಯ 2018ರ ಜೂನ್ ತಿಂಗಳಿನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಯಿತು. ದಿನವೊಂದಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸಲು ಯೋಜಿಸಲಾಗಿತ್ತು. ಇದರ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ಕೆರೆಯಿಂದ ನೇರವಾಗಿ ಗದ್ದೆಗಳಿಗೆ ನೀರು ಹಾಯಿಸುವುದಲ್ಲ. ಆದುದರಿಂದ ಕೆರೆ ತುಂಬಿದ್ದರೂ ತೂಬು ಮುಚ್ಚಿರುತ್ತದೆ. ರೈತರು ಕೊಳವೆಬಾವಿಯನ್ನು ಅವಲಂಬಿಸುತ್ತಾರೆ. ತೂಬಿನ ನೀರಿನ ಸರದಿಯನ್ನು ನಿರ್ವಹಿಸುತ್ತಿದ್ದ ನೀರಗಂಟಿಯ ಕೆಲಸ ಏನಾಯಿತು, ಕೊಳವೆಬಾವಿ ಇಲ್ಲದ ಸಣ್ಣ ಹಿಡುವಳಿದಾರನಿಗೆ ತುಂಬಿದ ಕೆರೆಯಿಂದ ಏನು ದೊರೆಯಿತು ಎಂಬುವು ಯಾರೂ ಕೇಳಬಹುದಾದ, ದಾಖಲೆಗಳಿಂದ ಭಾಗಶಃವಾದರೂ ಉತ್ತರಿಸಬಹುದಾದ ಪ್ರಶ್ನೆಗಳು.

ಪ್ರಶ್ನೆಯನ್ನು ಕಿರಿದುಗೊಳಿಸುವುದು

"ಕೋಲಾರ ಜಿಲ್ಲೆಯ ಕೆರೆಗಳು: ಒಂದು ಅಧ್ಯಯನ" ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. ಒಂದು ತಾಲ್ಲೂಕಿನ ಮೂರು ಕೆರೆಗಳ ಅಚ್ಚುಕಟ್ಟಿನಲ್ಲಿ 2018ಕ್ಕೆ ಮೊದಲಿನ ಐದು ವರ್ಷ ಹಾಗೂ ನಂತರದ ಐದು ವರ್ಷಗಳಲ್ಲಿ ದಾಖಲಾಗಿರುವ ಬೆಳೆಗಳು ಹೇಗೆ ಬದಲಾಗಿವೆ ಎಂಬುದು ಪ್ರಶ್ನೆ. ಇದರಲ್ಲಿ ಸ್ಥಳವಿದೆ, ಕಾಲವಿದೆ, ಹೋಲಿಸಬೇಕಾದ ಸಂಗತಿಯಿದೆ. ಬಹುಮುಖ್ಯವಾಗಿ, ಉತ್ತರವು ಯಾವ ಕಚೇರಿಯ ಯಾವ ವಹಿಯಲ್ಲಿ ದೊರೆಯಬಹುದೆಂಬ ಸುಳಿವೂ ಇದೆ.

ಪ್ರಶ್ನೆ ಕಿರಿದಾದರೆ ಪ್ರಬಂಧದ ಘನತೆ ಕುಗ್ಗುತ್ತದೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಮೂರು ಕೆರೆಗಳ ಬಗ್ಗೆ ಪರಿಶೀಲಿಸಿ ಬರೆದ ನಲವತ್ತು ಪುಟಗಳು, ಇಡೀ ಜಿಲ್ಲೆಯ ಬಗ್ಗೆ ಅಲ್ಲಲ್ಲಿಂದ ಎತ್ತಿ ಬರೆದ ಇನ್ನೂರು ಪುಟಗಳಿಗಿಂತ ಮುಂದಿನ ಓದುಗನಿಗೆ ಹೆಚ್ಚು ಉಪಯುಕ್ತ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ವಿಷಯದ ಪರಿಚಯವಿಲ್ಲದ ಒಬ್ಬರಿಗೆ ಓದಿಸಿ, ಅವರಿಗೆ ಅರ್ಥವಾಗುವವರೆಗೆ ತಿದ್ದುವುದು ಉತ್ತಮ ಅಭ್ಯಾಸ.

ಅರ್ಜಿಗೆ ಮುನ್ನ ಗ್ರಂಥಾಲಯ

ಕಚೇರಿಗಳಿಗೆ ಬರುವ ಅನೇಕ ಅರ್ಜಿಗಳಲ್ಲಿ ಈಗಾಗಲೇ ಮುದ್ರಿತವಾಗಿರುವ ಮಾಹಿತಿಯನ್ನೇ ಕೋರಲಾಗಿರುತ್ತದೆ. ಮೂವತ್ತು ದಿನ ಕಾಯ್ದು ಪಡೆಯುವ ಉತ್ತರವು ಗ್ರಂಥಾಲಯದಲ್ಲಿ ಮೂವತ್ತು ನಿಮಿಷದಲ್ಲಿ ದೊರೆಯಬಹುದಾಗಿತ್ತು. ಮೇಲಿನ ಉದಾಹರಣೆಗೆ ಸಂಬಂಧಿಸಿದಂತೆ, ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಗ್ರಂಥಮಾಲೆಯ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು 1905ರಲ್ಲಿ ಪ್ರಕಟವಾಗಿದೆ. ಕೆರೆಯನ್ನು ಕಟ್ಟಿಸಿದ ಅಥವಾ ದುರಸ್ತಿ ಮಾಡಿಸಿದವರಿಗೆ ನೀಡುತ್ತಿದ್ದ ದಶವಂದ, ಬಿತ್ತುವಟ್ಟ ಮುಂತಾದ ಮಾನ್ಯಗಳ ಸ್ವರೂಪ ಶಾಸನಗಳಿಂದ ತಿಳಿದುಬರುತ್ತದೆ. 1897ರಲ್ಲಿ ಪರಿಷ್ಕೃತಗೊಂಡ ರೈಸ್ ಅವರ ಮೈಸೂರು ಗೆಜೆಟಿಯರ್, ಸಿ. ಹಯವದನರಾವ್ ಅವರ ಸಂಪಾದಕತ್ವದಲ್ಲಿ 1927ರಿಂದ 1930ರ ಅವಧಿಯಲ್ಲಿ ಹೊರಬಂದ ಗೆಜೆಟಿಯರ್ ಸಂಪುಟಗಳು, ಜನಗಣತಿಯ ಜಿಲ್ಲಾ ಕೈಪಿಡಿಗಳು ಹಾಗೂ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ಜಿಲ್ಲಾವಾರು ಹೊರತರುವ ಅಂಕಿಅಂಶಗಳ ಪುಸ್ತಕಗಳನ್ನು ಮೊದಲು ನೋಡತಕ್ಕದ್ದು.

ಅದೇ ವಿಷಯದಲ್ಲಿ ಹಿಂದೆ ಯಾರಾದರೂ ಸಂಶೋಧನೆ ನಡೆಸಿದ್ದಾರೆಯೇ ಎಂಬುದನ್ನು ತಿಳಿಯಲು ಶೋಧಗಂಗಾ ಜಾಲತಾಣವನ್ನು ಬಳಸಬಹುದು. ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರವು ನಿರ್ವಹಿಸುವ ಈ ಭಂಡಾರದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಶುಲ್ಕವಿಲ್ಲದೆ ಓದಬಹುದಾಗಿದೆ. ಹಿಂದಿನ ಪ್ರಬಂಧದ ಆಕರಗಳ ಪಟ್ಟಿಯೇ ಹೊಸ ವಿದ್ಯಾರ್ಥಿಗೆ ಉತ್ತಮ ದಾರಿಸೂಚಿ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ 2025ರ ಜನವರಿಯಿಂದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಲಭ್ಯವಾಗಿದ್ದು, ತಮ್ಮ ಸಂಸ್ಥೆಗೆ ಈ ಸೌಲಭ್ಯವಿದೆಯೇ ಎಂಬುದನ್ನು ಗ್ರಂಥಪಾಲಕರಲ್ಲಿ ವಿಚಾರಿಸುವುದು.

ಗ್ರಂಥಪಾಲಕರನ್ನು ವಿಚಾರಿಸುವ ರೂಢಿಯೇ ಕಡಿಮೆಯಾಗುತ್ತಿರುವುದು ವಿಷಾದಕರ. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು 1931ರಲ್ಲಿ ನೀಡಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು; ಅವರು 1962ರಲ್ಲಿ ಇಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಇದೆ. ಓದುಗನ ಸಮಯವನ್ನು ಉಳಿಸಬೇಕೆಂಬುದು ಆ ಸೂತ್ರಗಳಲ್ಲೊಂದು. ಆದುದರಿಂದ ಗ್ರಂಥಪಾಲಕರ ನೆರವು ಕೋರಲು ಸಂಕೋಚ ಪಡಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳು ಸೂಚಿಸುವ ಪುಸ್ತಕ, ಆದೇಶ ಮತ್ತು ತೀರ್ಪುಗಳನ್ನು ಮೂಲದಲ್ಲಿ ನೋಡದೆ ಉಲ್ಲೇಖಿಸಬಾರದು. ಇಲ್ಲದ ಪುಸ್ತಕವನ್ನು ಪುಟಸಂಖ್ಯೆ ಸಹಿತ ಸೂಚಿಸುವುದು ಇವುಗಳಿಗೆ ಅಸಾಧ್ಯವೇನಲ್ಲ.

ಯಾವ ದಾಖಲೆ ಎಲ್ಲಿ

ತಪ್ಪು ಕಚೇರಿಗೆ ಅರ್ಜಿ ಸಲ್ಲಿಸುವುದರಿಂದ ಅಮೂಲ್ಯವಾದ ಸಮಯ ವ್ಯರ್ಥವಾಗುತ್ತದೆ. ಕೆರೆಗಳ ವಿಷಯವನ್ನೇ ತೆಗೆದುಕೊಂಡರೆ, 40 ಹೆಕ್ಟೇರ್‌ನಿಂದ 2,000 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಹೊಂದಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ಅಧೀನದಲ್ಲಿವೆ. ಕೆರೆಯಂಗಳದ ಸರ್ವೆ ಸಂಖ್ಯೆ, ವಿಸ್ತೀರ್ಣ ಮತ್ತು ಬೆಳೆಯ ವಿವರಗಳು ಕಂದಾಯ ಇಲಾಖೆಯ ಪಹಣಿಯಲ್ಲಿಯೂ, ಗ್ರಾಮ ನಕಾಶೆಯು ಭೂಮಾಪನ ಇಲಾಖೆಯಲ್ಲಿಯೂ, ಬಾವಿಗಳ ನೀರಿನ ಮಟ್ಟವು ಅಂತರ್ಜಲ ನಿರ್ದೇಶನಾಲಯದಲ್ಲಿಯೂ ದೊರೆಯುತ್ತವೆ. ಒಂದೇ ಕೆರೆ ನಾಲ್ಕು ಕಚೇರಿಗಳಲ್ಲಿ ಹಂಚಿಹೋಗಿದೆ ಎಂಬುದನ್ನು ಅರ್ಜಿದಾರರು ಗಮನಿಸಬೇಕು.

ಹಳೆಯ ಕಾಲದ ದಾಖಲೆಗಳಿಗೆ ಆಗಿನ ಆಡಳಿತದ ಗಡಿಗಳನ್ನು ಅರಿತಿರುವುದು ಅಗತ್ಯ. ಇಂದಿನ ಕರ್ನಾಟಕದ ಭಾಗಗಳು 1956ರ ನವೆಂಬರ್ 1ರಂದು ಒಂದು ರಾಜ್ಯವಾಗಿ ಒಂದುಗೂಡಿದವು. ಅದಕ್ಕೆ ಮೊದಲು ಕೋಲಾರ, ತುಮಕೂರು, ಹಾಸನ ಮುಂತಾದವು ಮೈಸೂರು ಸಂಸ್ಥಾನದಲ್ಲಿಯೂ, ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿಯೂ, ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತದಲ್ಲಿಯೂ, ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿಯೂ ಇದ್ದವು. ಬಳ್ಳಾರಿಯ ಬಹುಭಾಗ 1953ರಲ್ಲಿಯೇ ಮೈಸೂರನ್ನು ಸೇರಿತು. ಆದುದರಿಂದ ಮಂಗಳೂರಿನ ವಿದ್ಯಾರ್ಥಿಯು ಚೆನ್ನೈನಲ್ಲಿರುವ ಪತ್ರಾಗಾರಕ್ಕೂ, ಧಾರವಾಡದವರು ಮುಂಬಯಿಗೂ ಪ್ರಯಾಣ ಮಾಡಬೇಕಾಗಬಹುದು. ಮೈಸೂರು ಸಂಸ್ಥಾನದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಸಂಪರ್ಕಿಸುವುದು. ಹೋಗುವಾಗ ಮಾರ್ಗದರ್ಶಕರ ಶಿಫಾರಸು ಪತ್ರ ಹಾಗೂ ವಿಶ್ವವಿದ್ಯಾಲಯದ ಗುರುತಿನ ಚೀಟಿ ಜೊತೆಯಲ್ಲಿರಲಿ.

ಅಂಕಿಅಂಶಗಳನ್ನು ಹೋಲಿಸುವಾಗ

ವಾಣಿಜ್ಯ ಪದವೀಧರನಾದ ನನಗೆ ಈ ಭಾಗ ತುಸು ಹೆಚ್ಚು ಪ್ರಿಯವಾದುದು. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದೂ ಇಲ್ಲಿಯೇ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಪ್ರತ್ಯೇಕಿಸಲಾಯಿತು. ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟ ಮತ್ತು ಚಿಕ್ಕಬಳ್ಳಾಪುರ ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದವು. 2001ರ ಕೋಲಾರ ಜಿಲ್ಲೆಯ ಅಂಕಿಯನ್ನು 2011ರ ಕೋಲಾರದ ಅಂಕಿಯೊಡನೆ ನೇರವಾಗಿ ಹೋಲಿಸಿ, ಕೆರೆಗಳು ಅರ್ಧಕ್ಕರ್ಧ ನಾಶವಾಗಿವೆ ಎಂದು ತೀರ್ಮಾನಿಸಿದರೆ ಅದು ಕೆರೆಗಳ ನಾಶವಲ್ಲ, ಗಡಿಯ ಬದಲಾವಣೆ. ಇಂತಹ ಸಂದರ್ಭದಲ್ಲಿ ತಾಲ್ಲೂಕುವಾರು ಅಂಕಿಗಳನ್ನು ಪಡೆದು ಹಳೆಯ ಗಡಿಗೆ ಕೂಡಿಸಿಕೊಳ್ಳಬೇಕು.

ಎರಡು ವರದಿಗಳಲ್ಲಿನ ಸಂಖ್ಯೆಗಳು ಬೇರೆಯಾಗಿದ್ದ ಮಾತ್ರಕ್ಕೆ ಒಂದು ಸುಳ್ಳೆಂದು ಭಾವಿಸಬಾರದು. ಕೇಂದ್ರ ಜಲಶಕ್ತಿ ಸಚಿವಾಲಯವು 2023ರಲ್ಲಿ ಪ್ರಕಟಿಸಿದ ಮೊದಲ ಜಲಮೂಲಗಳ ಗಣತಿಯು ದೇಶದಲ್ಲಿ 24,24,540 ಜಲಮೂಲಗಳನ್ನು ಎಣಿಸಿದೆ. ಇದರಲ್ಲಿ ಕೆರೆಗಳಲ್ಲದೆ ಕುಂಟೆ, ಜಲಾಶಯ ಮುಂತಾದವೂ ಸೇರಿವೆ. ನೀರಾವರಿ ಅಚ್ಚುಕಟ್ಟು ಇರುವ ಕೆರೆಗಳನ್ನು ಮಾತ್ರ ಎಣಿಸುವ ಪಟ್ಟಿಯೊಡನೆ ಇದನ್ನು ಹೋಲಿಸಲಾಗದು. ಸಂಖ್ಯೆಯನ್ನು ಬರೆದುಕೊಳ್ಳುವ ಮೊದಲು ಏನನ್ನು ಎಣಿಸಲಾಗಿದೆ ಎಂಬ ವ್ಯಾಖ್ಯೆಯನ್ನು ಬರೆದುಕೊಳ್ಳತಕ್ಕದ್ದು.

ಹಳೆಯ ವಹಿಗಳಲ್ಲಿ ವಿಸ್ತೀರ್ಣ ಎಕರೆ-ಗುಂಟೆಗಳಲ್ಲಿರುತ್ತದೆ. 40 ಗುಂಟೆಗೆ ಒಂದು ಎಕರೆ. ಒಂದು ಹೆಕ್ಟೇರ್‌ಗೆ ಸುಮಾರು 2.47 ಎಕರೆ. ಇಲ್ಲಿ "5-20" ಎಂದರೆ ಐದು ಎಕರೆ ಇಪ್ಪತ್ತು ಗುಂಟೆ, ಅಂದರೆ ಐದೂವರೆ ಎಕರೆ, ಇದನ್ನು 5.20 ಎಂದು ಗಣಕಯಂತ್ರಕ್ಕೆ ನಮೂದಿಸಿ ಕೂಡಿದರೆ ಇಡೀ ಕೋಷ್ಟಕ ತಪ್ಪಾಗುತ್ತದೆ. ಹಣದ ಲೆಕ್ಕದಲ್ಲಿಯೂ 1957ರ ಏಪ್ರಿಲ್‌ಗೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬುದನ್ನು ಮರೆಯಬಾರದು.

ಅರ್ಜಿಯ ಒಕ್ಕಣೆ

ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸುವವರು ಮೊದಲು ಇಲಾಖೆಯು ಕಲಂ 4(1)(ಬಿ) ಅಡಿ ತಾನಾಗಿಯೇ ಪ್ರಕಟಿಸಿರುವ ಮಾಹಿತಿಯನ್ನು ನೋಡುವುದು. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇರುವುದಿಲ್ಲ. ಮಾಹಿತಿ ಕೋರಲು ಕಾರಣ ತಿಳಿಸಬೇಕಾಗಿಲ್ಲ. ಆದಾಗ್ಯೂ ಶೈಕ್ಷಣಿಕ ಉದ್ದೇಶಕ್ಕೆಂದು ಒಂದು ಸಾಲು ಬರೆದರೆ ಸೂಕ್ತ ಕಡತವನ್ನು ಗುರುತಿಸಲು ಸಿಬ್ಬಂದಿಗೆ ಅನುಕೂಲವಾಗುತ್ತದೆ.

ಅಸ್ತಿತ್ವದಲ್ಲಿರುವ ದಾಖಲೆಯನ್ನು ನೀಡುವುದು ಕಚೇರಿಯ ಕರ್ತವ್ಯ. ಇಲ್ಲದ ಮಾಹಿತಿಯನ್ನು ಸೃಷ್ಟಿಸಿ, ವಿಶ್ಲೇಷಿಸಿ, ಅಭಿಪ್ರಾಯ ನೀಡುವುದು ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ. (ಆ ಪ್ರಕರಣ ವಿದ್ಯಾರ್ಥಿಗಳಿಗೇ ಸಂಬಂಧಿಸಿದ್ದು, ಪರೀಕ್ಷಾರ್ಥಿಯು ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡಬಹುದೆಂದು ಅದೇ ತೀರ್ಪಿನಲ್ಲಿ ಹೇಳಲಾಗಿದೆ.) ಆದುದರಿಂದ "ಕೆರೆಗಳು ಏಕೆ ಬತ್ತಿವೆ" ಎಂದು ಕೇಳಿದರೆ ಉತ್ತರ ಬಾರದು. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ವಿದ್ಯಾರ್ಥಿಯ ಕೆಲಸ. ಅದಕ್ಕೆ ಬೇಕಾದ ದಾಖಲೆ ಒದಗಿಸುವುದು ಕಚೇರಿಯ ಕೆಲಸ. ಮೇಲ್ಕಂಡ ವಿದ್ಯಾರ್ಥಿನಿಯ ಎರಡನೆಯ ಅರ್ಜಿಯನ್ನು ಈ ಕೆಳಗಿನಂತೆ ಬರೆಯಲಾಯಿತು:

"ತಾಲ್ಲೂಕಿನ ಈ ಕೆಳಕಂಡ ಮೂರು ಕೆರೆಗಳಿಗೆ ಸಂಬಂಧಿಸಿದಂತೆ, ನಿಮ್ಮ ಕಚೇರಿಯಲ್ಲಿ ನಿರ್ವಹಿಸಲಾಗುತ್ತಿರುವ ಕೆರೆಗಳ ವಹಿ ಹಾಗೂ ದುರಸ್ತಿ ಕಾಮಗಾರಿ ಕಡತಗಳನ್ನು ಖುದ್ದು ಪರಿಶೀಲಿಸಲು ಮತ್ತು ಪರಿಶೀಲನೆಯ ನಂತರ ಗುರುತಿಸುವ ಪುಟಗಳ ನಕಲು ಪಡೆಯಲು ಅವಕಾಶ ಕೋರುತ್ತೇನೆ."

ದಾಖಲೆಗಳನ್ನು ಖುದ್ದು ಪರಿಶೀಲಿಸುವ ಹಕ್ಕು ಅಧಿನಿಯಮದಲ್ಲಿಯೇ ಇದೆ. ಬಹಳಷ್ಟು ವಿದ್ಯಾರ್ಥಿಗಳು ಇದನ್ನು ಬಳಸುವುದಿಲ್ಲ. ನಕಲಿಗೆ ಪುಟವೊಂದಕ್ಕೆ ರೂ. 2ರಂತೆ ನೂರಾರು ಪುಟಗಳಿಗೆ ಹಣ ತೆತ್ತು, ಅದರಲ್ಲಿ ಹತ್ತು ಪುಟ ಉಪಯೋಗಿಸುವುದಕ್ಕಿಂತ ಪರಿಶೀಲಿಸಿ ಆಯ್ದುಕೊಳ್ಳುವುದು ಮೇಲು. ಅರ್ಜಿ ಬೇರೆ ಪ್ರಾಧಿಕಾರಕ್ಕೆ ಸಂಬಂಧಿಸಿದ್ದಲ್ಲಿ ಕಲಂ 6(3)ರಂತೆ ಐದು ದಿನಗಳೊಳಗೆ ವರ್ಗಾಯಿಸತಕ್ಕದ್ದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಫಲಾನುಭವಿಗಳ ಹೆಸರು, ಬ್ಯಾಂಕ್ ವಿವರ ಮುಂತಾದ ವೈಯಕ್ತಿಕ ಮಾಹಿತಿಯನ್ನು ಕೋರದೆ ಸಂಖ್ಯೆಗಳನ್ನಷ್ಟೇ ಕೋರುವುದು ಒಳಿತು. ಸೆಮಿಸ್ಟರ್ ಆರಂಭದ ವಾರದಲ್ಲಿಯೇ ಅರ್ಜಿ ಹಾಕಿದರೆ ಮಾತ್ರ ಈ ಅವಧಿಗಳು ವಿದ್ಯಾರ್ಥಿಗೆ ಅನುಕೂಲವಾಗುತ್ತವೆ.

ಟಿಪ್ಪಣಿ ಮತ್ತು ಆಕರ

ಲೆಕ್ಕಶಾಸ್ತ್ರದಲ್ಲಿ ಓಚರ್ ಇಲ್ಲದ ಜಮಾಖರ್ಚನ್ನು ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ. ಆಕರವಿಲ್ಲದ ಟಿಪ್ಪಣಿಯೂ ಅಂತಹುದೇ. ಪ್ರತಿಯೊಂದು ಟಿಪ್ಪಣಿಯ ತಲೆಯಲ್ಲಿ ಕಚೇರಿಯ ಹೆಸರು, ಕಡತ ಸಂಖ್ಯೆ, ವರ್ಷ, ಪುಟ ಹಾಗೂ ನೋಡಿದ ದಿನಾಂಕವನ್ನು ನಮೂದಿಸಬೇಕು. ಅನುಮತಿ ಪಡೆದು ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆಯುವವರು ಮೊದಲು ಕಡತದ ಹೊದಿಕೆಯ ಚಿತ್ರವನ್ನು ತೆಗೆಯುವುದು. ಇಲ್ಲವಾದಲ್ಲಿ ತಿಂಗಳ ನಂತರ ಯಾವ ಪುಟ ಯಾವ ಕಡತದ್ದೆಂದು ತಿಳಿಯುವುದಿಲ್ಲ. ದಾಖಲೆಯ ಮಾತುಗಳನ್ನು ಯಥಾವತ್ತಾಗಿ ಬರೆದುಕೊಂಡಾಗ ಉದ್ಧರಣ ಚಿಹ್ನೆ ಹಾಕಿ, ಸ್ವಂತ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಬರೆಯಬೇಕು. ಇವೆರಡೂ ಬೆರೆತುಹೋದಾಗಲೇ ಕೃತಿಚೌರ್ಯದ ಆಪಾದನೆಗೆ ದಾರಿಯಾಗುತ್ತದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಂತೆ, ಪ್ರಬಂಧದಲ್ಲಿ ಶೇ. 10ರವರೆಗಿನ ಸಾಮ್ಯತೆಗೆ ದಂಡನೆ ಇಲ್ಲ. ಶೇ. 10ರಿಂದ 40ರವರೆಗೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು, ಶೇ. 40ರಿಂದ 60ರವರೆಗೆ ಒಂದು ವರ್ಷ ಪರಿಷ್ಕೃತ ಪ್ರಬಂಧ ಸಲ್ಲಿಸುವಂತಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರ ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ ಮುಂತಾದವು ಈ ಲೆಕ್ಕಕ್ಕೆ ಸೇರುವುದಿಲ್ಲ.

ಪರಿಶೀಲನೆಯ ದಿನ

ಆ ವಿದ್ಯಾರ್ಥಿನಿಯು ಎರಡು ಮಧ್ಯಾಹ್ನ ಶಾಖೆಯಲ್ಲಿ ಕುಳಿತು ವಹಿಗಳನ್ನು ಪರಿಶೀಲಿಸಿದರು. ಅವರ ತಾತನ ಊರಿನ ಕೆರೆಯ ಎದುರು ಅಚ್ಚುಕಟ್ಟಿನ ವಿಸ್ತೀರ್ಣ ವರ್ಷದಿಂದ ವರ್ಷಕ್ಕೆ ಗುಂಟೆಯೂ ಬದಲಾಗದೆ ಒಂದೇ ಆಗಿತ್ತು. ಷರಾ ಅಂಕಣದಲ್ಲಿ "ಹಿಂದಿನಂತೆ" ಎಂದಿತ್ತು. ಆ ಅಚ್ಚುಕಟ್ಟಿನ ಒಂದು ಭಾಗದಲ್ಲಿ ಮನೆಗಳಾಗಿ ಎಷ್ಟೋ ವರ್ಷಗಳಾಗಿವೆ ಎಂದು ಅವರು ತಿಳಿಸಿದಾಗ ನಮ್ಮ ಶಾಖೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ಇದನ್ನು ದಾಖಲೆಯ ದೋಷವೆಂದು ಬಿಟ್ಟುಬಿಡದೆ, ಪಹಣಿಯೊಡನೆ ಹೋಲಿಸಿ, ಊರಿಗೆ ಹೋಗಿ ಗಟ್ಟೆಯ ಮೇಲೆ ನಡೆದು ನೋಡಿ, ಪ್ರಬಂಧದ ಒಂದು ಅಧ್ಯಾಯವನ್ನಾಗಿ ಬರೆದರು. ಪ್ರಬಂಧದ ಒಂದು ಪ್ರತಿಯನ್ನು ಕಚೇರಿಗೂ ನೀಡಿದರು. ಆ ಪ್ರತಿಯನ್ನು ಕೆರೆಗಳ ವಹಿಯ ಜೊತೆಯಲ್ಲಿಯೇ ಇರಿಸಲಾಗಿದೆ.

ದಾಖಲೆ ಪರಿಶೀಲನೆಗೆ ಬರುವವರು ನಿಗದಿಪಡಿಸಿದ ದಿನ ಹಾಗೂ ವೇಳೆಗೆ, ಅರ್ಜಿಯ ಸ್ವೀಕೃತಿ ಮತ್ತು ಗುರುತಿನ ಚೀಟಿಯೊಂದಿಗೆ ಹಾಜರಾಗತಕ್ಕದ್ದು. ಟಿಪ್ಪಣಿ ಮಾಡಿಕೊಳ್ಳಲು ಪೆನ್ಸಿಲ್ ತರುವುದು. ಹಳೆಯ ಕಾಗದಗಳ ಬಳಿ ಶಾಯಿ ಪೆನ್ನು, ನೀರು ಮತ್ತು ತಿನಿಸುಗಳನ್ನು ಇರಿಸಬಾರದು. ಕಡತದಲ್ಲಿನ ಪುಟಗಳ ಕ್ರಮವನ್ನು ಬದಲಿಸದೆ, ಬೇಕಾದ ಪುಟಗಳ ನಡುವೆ ಚೀಟಿ ಇಟ್ಟು ಗುರುತಿಸಿ ಸಿಬ್ಬಂದಿಗೆ ಹಿಂತಿರುಗಿಸುವುದು.